ತಂಪಾನೂರಿನ ಅಂಗಳದಲ್ಲಿ ಮರ ಯಾರದ್ದು?

ಬೆಂಗಳೂರಿನಲ್ಲಿ ಅಂಗಳದ ಮರ ಕಡಿಯಲು, ಕೆಲವು ಜಾತಿ ಬಿಟ್ಟರೆ, 1976ರ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ತಂಪಾನೂರಿನಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಇಲ್ಲೊಂದು ಅಚ್ಚರಿ: ಕೇರಳದ 2005ರ ಕಾಯ್ದೆ ಅಧಿಸೂಚಿತವಲ್ಲದ ಖಾಸಗಿ ಜಾಗದಲ್ಲಿ ಶ್ರೀಗಂಧ ಬಿಟ್ಟು ಉಳಿದ ಮರಗಳನ್ನು ಬಹುಮಟ್ಟಿಗೆ ಮಾಲೀಕರಿಗೇ ಬಿಟ್ಟಿದೆ. ಬಾಡಿಗೆದಾರರು ಕೊಡಲಿ ಎತ್ತಬೇಡಿ!

ಅನುಮತಿ ಬೇಡವೆಂದು ಕಡಿದೇಬಿಡಬೇಕಿಲ್ಲ. ಹಲಸು, ಮಾವಿನ ಭಾರದ ಕೊಂಬೆಗಳನ್ನು ಜೂನ್ ಮಳೆಗೆ ಮುಂಚೆ ಸವರಿಸಿದರೆ ಸಾಕು. ಗರಗಸದ ಮೊದಲ ಗಾಯ ಕೊಂಬೆಯ ಅಡಿಯಿಂದಿರಲಿ, ಇಲ್ಲವಾದರೆ ತೊಗಟೆ ಸೀಳುತ್ತದೆ. ತೆಂಗಿನ ಮಾತೇ ಬೇರೆ: ಅದಕ್ಕಿರುವುದು ಒಂದೇ ಸುಳಿ, ತಲೆ ಕಡಿದರೆ ಮರ ಸತ್ತಂತೆ. ಕಾಯಿ, ಒಣಗರಿ ಇಳಿಸುತ್ತಿದ್ದರೆ ಹೆಂಚು ಉಳಿಯುತ್ತದೆ. ಹತ್ತುವವರಿಲ್ಲವೆಂಬುದು ಹಳೆಯ ಗೋಳು. ಅದಕ್ಕೇ ಕೊಚ್ಚಿಯ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿ ಆರಂಭಿಸಿತು. ನೆರೆಮನೆಯ ತೆಂಗು ನಿಮ್ಮ ಸೂರಿನತ್ತ ವಾಲಿದೆಯೇ? ಮೊದಲು ಮಾತಾಡಿ; ಕೇಳದಿದ್ದರೆ ನಗರಪಾಲಿಕೆಗೆ ಬರೆದುಕೊಡಿ.