ಕೆಂಪು ದೀಪ ಬೆಳಗಿದಾಗ

ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಹೆಸರಾದ ಉಡುತಡಿಯನ್ನು ನೋಡಲು ಕಾರಿನಲ್ಲಿ ಬರುವವರು ಶಿಕಾರಿಪುರ, ಶಿರಾಳಕೊಪ್ಪಗಳ ಮುಖ್ಯ ರಸ್ತೆಯನ್ನು ಬಿಟ್ಟು ಒಳದಾರಿ ಹಿಡಿದಾಗ, ಕಲ್ಲೊಂದು ಕಾರಿನ ತಳಕ್ಕೆ ಬಡಿಯಿತೆನ್ನೋಣ. ಸ್ವಲ್ಪ ಹೊತ್ತಿನಲ್ಲೇ ಚಾಲಕನ ಮುಂದೆ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಬೆಳಗುತ್ತದೆ. "ಪೇಟೆ ಹತ್ತಿರವೇ ಇದೆಯಲ್ಲ" ಎಂದು ಮುಂದುವರಿಯುವುದು ಮಹಾಪರಾಧ. ಎಣ್ಣೆಯ ಒತ್ತಡವಿಲ್ಲದೆ ಲೋಹಕ್ಕೆ ಲೋಹ ಉಜ್ಜಿದರೆ ಬೇರಿಂಗುಗಳು ಕೆಲವೇ ನಿಮಿಷಗಳಲ್ಲಿ ಕೆಟ್ಟುಹೋಗಬಲ್ಲವು. ಪಂಪಿನ ಖರ್ಚಿನಲ್ಲಿ ಮುಗಿಯಬೇಕಾದುದು ಎಂಜಿನ್ನನ್ನೇ ನುಂಗುತ್ತದೆ. ಆದುದರಿಂದ ಕಾರನ್ನು ಒಡನೆಯೇ ನಿಲ್ಲಿಸಿ, ಎಂಜಿನ್ನನ್ನು ಆರಿಸತಕ್ಕದ್ದು.

ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಗೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಅಲ್ಲಿಂದ ಜಾಲರಿಯ ಮೂಲಕ ಎಣ್ಣೆಯನ್ನು ಹೀರಿ ಬೇರಿಂಗುಗಳಿಗೆ ತಳ್ಳುವುದೇ ಆಯಿಲ್ ಪಂಪಿನ ಕಾರ್ಯ. ಇದರ ಸ್ಥಾನ ಎಲ್ಲ ಕಾರುಗಳಲ್ಲಿಯೂ ಒಂದೇ ಅಲ್ಲ. ಹಳೆಯ ಅಂಬಾಸಡರಿನ 1,489 ಸಿ.ಸಿ. ಎಂಜಿನ್ನಿನಲ್ಲಿ ಅದು ಚೇಂಬರಿನೊಳಗಿದೆ. ಕ್ಯಾಮ್‌ಶಾಫ್ಟಿನಿಂದ ಬಂದ ದಂಡ ಅದನ್ನು ತಿರುಗಿಸುತ್ತದೆ. 1983ರಲ್ಲಿ ಬಂದ ಮಾರುತಿ 800ರಲ್ಲಾದರೋ ಅದು ಟೈಮಿಂಗ್ ಬೆಲ್ಟಿನ ಹಿಂದೆ, ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿಯೇ ಕುಳಿತಿದೆ. ಅದನ್ನು ತಲಪಲು ಚೇಂಬರಿನೊಡನೆ ಬೆಲ್ಟನ್ನೂ ಬಿಚ್ಚಬೇಕು. ಬೆಲ್ಟನ್ನು ಮರಳಿ ಹಾಕುವಾಗ ಗುರುತಿಗೆ ಗುರುತು ಕೂಡಲೇಬೇಕು.

ದೀಪ ಬೆಳಗಿದೊಡನೆ ಪಂಪನ್ನೇ ಅಪರಾಧಿಯೆನ್ನುವುದು ನ್ಯಾಯವಲ್ಲ. ಮೊದಲು ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟವನ್ನು ನೋಡಿರಿ. ಅನಂತರ ಕಾರಿನಡಿ ಬಗ್ಗಿ ಚೇಂಬರನ್ನು ಪರೀಕ್ಷಿಸಿರಿ. ಕಲ್ಲಿನ ಪೆಟ್ಟಿಗೆ ಅದು ಬಿರಿದಿದ್ದರೆ ಎಣ್ಣೆ ಸೋರಿರುತ್ತದೆ. ಒಳಕ್ಕೆ ನಗ್ಗಿದ್ದರೆ ಜಾಲರಿಯ ಬಾಯಿ ಮುಚ್ಚಿರುತ್ತದೆ. ಎರಡೂ ಇಲ್ಲವಾದರೆ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಅಲ್ಲಿ ಒತ್ತಡದ ಸ್ವಿಚ್ಚನ್ನು ತೆಗೆದು, ಆ ಜಾಗದಲ್ಲಿ ಗೇಜನ್ನು ಕೂರಿಸಿ ನೋಡಿದರೆ ದೋಷ ದೀಪದ್ದೋ ಎಂಜಿನ್ನಿನದೋ ತಿಳಿಯುತ್ತದೆ. ಬೇರಿಂಗುಗಳೇ ಸವೆದಿದ್ದರೆ ಹೊಸ ಪಂಪಿನಿಂದ ಪ್ರಯೋಜನ ಅಲ್ಪ.

ಪಂಪೇ ಕೆಟ್ಟಿದೆಯೆಂದು ಖಚಿತವಾದರೆ, ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕೊಂದನ್ನೇ ನಂಬಿ ಅಡಿಗೆ ನುಸುಳಬಾರದು. ಎಣ್ಣೆಯನ್ನು ಇಳಿಸಿ, ಚೇಂಬರನ್ನು ಬಿಚ್ಚಿ, ಜಾಲರಿಯನ್ನು ತೊಳೆದು, ಪಂಪನ್ನು ಬದಲಾಯಿಸಬೇಕು. ಪ್ಯಾಕಿಂಗ್, ಫಿಲ್ಟರ್, ಎಣ್ಣೆ ಮೂರೂ ಹೊಸವಾಗಿರಲಿ.

ಕೊನೆಯದಾದರೂ ಮುಖ್ಯವಾದ ಮಾತೊಂದಿದೆ. ಅಡಕೆ ತೋಟಕ್ಕೆ ನೀರೆತ್ತುವ ರೈತನು ಪಂಪಿಗೆ ಮೊದಲು ನೀರು ತುಂಬಿ ಆಮೇಲೆ ಗುಂಡಿ ಒತ್ತುವುದನ್ನು ನೀವು ಬಲ್ಲಿರಿ. ಇಲ್ಲಿಯೂ ಹಾಗೆಯೇ: ಹೊಸ ಪಂಪಿನೊಳಗೆ ಎಣ್ಣೆ ತುಂಬಿಯೇ ಜೋಡಿಸಬೇಕು. ಬಳಿಕ ಕಿಡಿ ಹಾರದಂತೆ ಇಗ್ನಿಷನ್ ತಂತಿಯನ್ನು ಕಳಚಿ, ಸ್ಟಾರ್ಟರಿನಿಂದ ಎಂಜಿನ್ನನ್ನು ತಡೆತಡೆದು ತಿರುಗಿಸಬೇಕು. ದೀಪ ಆರಿದ ಮೇಲೆಯೇ ತಂತಿಯನ್ನು ಜೋಡಿಸಿ ಎಂಜಿನ್ನನ್ನು ಚಾಲೂ ಮಾಡಬೇಕು. ಒಣಗಿದ ಪಂಪಿನೊಡನೆ ಎಂಜಿನ್ ಓಡಿತೋ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.