ಕೆರೆಯ ಏರಿಯ ರಕ್ಷಣೆ: ಚಿಗಳ್ಳಿಯ ನಿದರ್ಶನ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಅಂಚಿನಲ್ಲಿರುವುದು. ಇಲ್ಲಿ ಘಟ್ಟದವರಂತೆ ಮಳೆಯೊಂದನ್ನೇ ನಂಬಿ ಕೂರುವಂತಿಲ್ಲ. ಕೂರಿಗೆಯಿಂದ ಬಿತ್ತಿದ ಬತ್ತವು ತೆನೆಗಟ್ಟುವಾಗ ಮೋಡವು ಕೈಕೊಟ್ಟರೆ ಕಟ್ಟಿ ನಿಲ್ಲಿಸಿದ ನೀರೇ ಗತಿ. ಚಿಗಳ್ಳಿಯ ಜಲಾಶಯವೂ ಅಂತಹ ಆಸರೆಯೇ. 2019ನೆಯ ಇಸವಿ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಅದರ ಒಡ್ಡು ಒಡೆದು, ನೀರು ಕೆಳಗಣ ಗದ್ದೆಗಳ ಮೇಲೆ ನುಗ್ಗಿತು.

ಮಣ್ಣಿನ ಏರಿಯು ಬಹುಮಟ್ಟಿಗೆ ಎರಡು ಬಗೆಯಿಂದ ಕೆಡುವುದು. ನೀರು ನೆತ್ತಿಯನ್ನು ಹಾಯ್ದು ಹೊರಮೈಯನ್ನು ಕೊರೆಯುವುದು ಒಂದು. ಬೇಸಗೆಗೆ ಎರಡು ಗೇಣು ನೀರು ಹೆಚ್ಚಿಗೆ ದೊರೆಯಲೆಂದು ಕೋಡಿಗೆ ಕಲ್ಲುಮಣ್ಣು ಒಟ್ಟುವ ಪರಿಪಾಠವು ಕೆಲವೆಡೆಗಳಲ್ಲಿ ಉಂಟು. ಇದು ಕೇಡನ್ನು ಕೈಯಾರೆ ಕರೆದಂತೆ.

ಎರಡನೆಯದು ಬೇಗ ಕಣ್ಣಿಗೆ ಬೀಳದು. ಏಡಿ ಹೆಗ್ಗಣಗಳ ಬಿಲದಲ್ಲಿಯೂ, ಏರಿಯ ಮೇಲೆ ಬೆಳೆದ ಮರದ ಬೇರು ಕೊಳೆತ ದಾರಿಯಲ್ಲಿಯೂ ನೀರು ಜಿನುಗಿ, ಮಣ್ಣನ್ನು ಕಣಕಣವಾಗಿ ಹೊರಕ್ಕೆ ಒಯ್ಯುವುದು. ಗ್ರಾಮದ ಮುಖಂಡರು ದೊಡ್ಡ ಮಳೆಯಾದ ಮರುದಿನವೇ ಏರಿಯ ಬುಡವನ್ನು ಸುತ್ತಿ, ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡತಕ್ಕದ್ದು. ತಿಳಿಯಾಗಿದ್ದರೆ ಗುರುತಿಟ್ಟು ದಿನವೂ ಕಾಯಬೇಕು. ಕದಡಿದ್ದರೆ ಒಳಗೆ ಮಣ್ಣು ಸವೆಯುತ್ತಿದೆಯೆಂದೇ ತಿಳಿಯಬೇಕು. ಆಗ ಅನೇಕರು ಗಾಬರಿಯಿಂದ ಹೊರಬದಿಗೆ ಜೇಡಿಮಣ್ಣು ಮೆತ್ತುವರು. ಇದು ತಪ್ಪು, ಒಳಗೆ ಸಿಕ್ಕಿದ ನೀರು ಬೇರೊಂದು ಕಡೆ ಕಿತ್ತುಕೊಳ್ಳುವುದು. ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿದರೆ ನೀರು ಹೊರಟು ಮಣ್ಣು ಉಳಿಯುವುದು. ಇದೂ ತಾತ್ಕಾಲಿಕವಾದ ಉಪಾಯವೇ. ಆದಕಾರಣ ನೀರಾವರಿ ಇಲಾಖೆಯವರಿಗೆ ಕೂಡಲೇ ತಿಳಿಸಿ, ರಾತ್ರಿಯಾಗಿದ್ದರೂ ಸರಿಯೇ, ಕೆಳಗಣ ಊರುಗಳಿಗೆ ಆಳನ್ನು ಅಟ್ಟತಕ್ಕದ್ದು.