ನಿಮಗಿದು ಗೊತ್ತೇ? ಮೊದಲ ಮುಟ್ಟಿನ ಸುಳಿವು ಎರಡು ವರ್ಷ ಮೊದಲೇ ಸಿಗುತ್ತದೆ!

ಮೊದಲ ಮುಟ್ಟು ಹೇಳದೆ ಕೇಳದೆ ಬರುತ್ತದೆ ಅಂದುಕೊಂಡಿದ್ದೀರಾ? ಇಲ್ಲವೇ ಇಲ್ಲ. ದೇಹ ಎರಡು ವರ್ಷ ಮೊದಲೇ ನೋಟಿಸ್ ಕೊಟ್ಟಿರುತ್ತದೆ! ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು, ಮುಟ್ಟಿದರೆ ಸಣ್ಣ ನೋವು. ಅಲ್ಲಿಂದ ಎರಡು, ಎರಡೂವರೆ ವರ್ಷ ಲೆಕ್ಕ ಹಾಕಿಕೊಳ್ಳಿ. ಕೆಲವರಿಗೆ ಮೊದಲು ಒಂದೇ ಕಡೆ ಗಂಟು ಬರುತ್ತದೆ. ಅಮ್ಮಂದಿರು ಬೆಚ್ಚಿಬೀಳುವುದು ಇಲ್ಲೇ. ಅದೂ ಸಹಜ!

ಎರಡನೇ ಸುಳಿವು ಚಡ್ಡಿಯಲ್ಲಿ. ಮುಟ್ಟಿಗೆ ಆರು ತಿಂಗಳೋ ವರ್ಷವೋ ಇರುವಾಗ ತಿಳಿಯಾದ ಬಿಳಿ ದ್ರವ ಹೋಗತೊಡಗುತ್ತದೆ. ಕೆಟ್ಟ ವಾಸನೆ, ತುರಿಕೆ ಇಲ್ಲದಿದ್ದರೆ ಗಾಬರಿ ಬೇಡ. ಮಗಳ ಜೊತೆ ಮುಟ್ಟಿನ ಬಗ್ಗೆ ಮಾತಾಡಲು ಇದೇ ಒಳ್ಳೆಯ ಹೊತ್ತು.

ಹೋದ ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಈ ಜೂನ್‌ಗೆ ಮೊಣಕಾಲ ಮೇಲೆ ಹೋಯಿತೇ? ಅದೂ ಸುಳಿವೇ! ಹುಡುಗಿಯರು ಸರಸರನೆ ಬೆಳೆಯುವುದು ಮುಟ್ಟಿಗೆ ಮೊದಲು. ಆಮೇಲೆ ಬಹಳ ಮಂದಿಗೆ ಉಳಿಯುವುದು ಐದಾರು ಸೆಂಟಿಮೀಟರ್ ಅಷ್ಟೇ.

ಅಮ್ಮ, ನೀವು ಎಷ್ಟನೇ ಕ್ಲಾಸಿನಲ್ಲಿ ದೊಡ್ಡವರಾದಿರಿ? ಮಗಳೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ದೊಡ್ಡವಳಾಗುವ ಸಂಭವ ಹೆಚ್ಚು. 9ರಿಂದ 15ರೊಳಗೆ ಯಾವಾಗ ಬಂದರೂ ಸರಿಯೇ. 8 ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ, ಅಥವಾ 15 ತುಂಬಿದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಇದು ಕೇಳಿ. ಹುಟ್ಟಿ ನಾಲ್ಕು ದಿನವಾಗಿಲ್ಲ, ಕೆಲವು ಹೆಣ್ಣುಕೂಸುಗಳ ಬಟ್ಟೆಯಲ್ಲಿ ಒಂದೆರಡು ಹನಿ ರಕ್ತ! ಹೊಟ್ಟೆಯಲ್ಲಿದ್ದಾಗ ಅಮ್ಮನ ಹಾರ್ಮೋನು ಕೂಸಿಗೂ ಸಿಗುತ್ತಿತ್ತು. ಹುಟ್ಟಿದ ಕೂಡಲೇ ಅದು ನಿಂತಿತು. ಹಾಗಾಗಿ ಈ ಪುಟಾಣಿ ಮುಟ್ಟು. ಒಂದೆರಡು ದಿನಕ್ಕೆ ತಾನೇ ನಿಲ್ಲುತ್ತದೆ.

ಇನ್ನೂ ಸೋಜಿಗ ಬೇಕೇ? ನಿಮ್ಮ ಹುಟ್ಟಿಗೆ ಕಾರಣವಾದ ಅಂಡಾಣು ಮೂಡಿದ್ದು ನಿಮ್ಮ ಅಮ್ಮ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ! ಹೆಣ್ಣುಮಗು ಹುಟ್ಟುವಾಗಲೇ ಹತ್ತಿಪ್ಪತ್ತು ಲಕ್ಷ ಅಂಡಾಣು ಹೊತ್ತು ಬರುತ್ತದೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ಬರೀ ನಾನೂರು ಐನೂರು!

‘ಮೈಯಲ್ಲಿರೋ ರಕ್ತವೆಲ್ಲ ಹೋಗಿಬಿಡುತ್ತಾ?’ ಮಕ್ಕಳು ಕೇಳುವ ಪ್ರಶ್ನೆ ಇದು. ಕೆಮ್ಮಿನ ಸಿರಪ್ಪಿನ ಹತ್ತು ಎಂ.ಎಲ್. ಮುಚ್ಚಳ ತೋರಿಸಿ. ಒಂದು ಮುಟ್ಟಿನ ಪೂರ್ತಿ ರಕ್ತ ಸಾಮಾನ್ಯವಾಗಿ ಅಂಥ ಮೂರು ನಾಲ್ಕು ಮುಚ್ಚಳ. ಮುಗಿಯಿತು! ಮೊದಲ ಸಲ ಅದು ಕೆಂಪಾಗಿಯೇ ಇರಬೇಕೆಂದಿಲ್ಲ. ಕಾಫಿ ಡಿಕಾಕ್ಷನ್ ಬಣ್ಣದ ಕಲೆ ಕಂಡು ‘ಇದೇನಪ್ಪ’ ಎಂದು ಬಚ್ಚಿಟ್ಟ ಹುಡುಗಿಯರು ಲೆಕ್ಕವಿಲ್ಲ.

ಮುಂದಿನ ತಿಂಗಳು ಬರಲಿಲ್ಲವೇ? ಮೊದಲೆರಡು ವರ್ಷ ಅದರ ಲೆಕ್ಕವೇ ಬೇರೆ. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು!

ನಮ್ಮ ಮಾತಿನ ಚೋದ್ಯ ನೋಡಿ. ಹೆಸರು ‘ಮುಟ್ಟು’, ಕಟ್ಟಳೆ ‘ಮುಟ್ಟಬೇಡ’! ಹೆಸರೆತ್ತಲೂ ನಾಚಿಕೆ. ಹಾಗಾಗಿ ‘ಹೊರಗಾಗಿದ್ದಾಳೆ’, ‘ಕಾಗೆ ಮುಟ್ಟಿದೆ’. ಪಾಪ, ಕಾಗೆ ಏನು ಮಾಡಿತ್ತೋ!

ತುಳುನಾಡಿನಲ್ಲಿ ಭೂಮಿಯೂ ಮುಟ್ಟಾಗುತ್ತಾಳೆ, ಗೊತ್ತೇ? ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ನೇಗಿಲು ಹೂಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಕೊನೆಗೆ ನೆಲಕ್ಕೆ ಎಣ್ಣೆ ಬಿಟ್ಟು, ಸೀಗೆ, ಕುಂಕುಮ, ಬಾಚಣಿಗೆ, ಕನ್ನಡಿ ಇಡುತ್ತಾರೆ. ಭೂತಾಯಿಗೆ ಮೂರು ದಿನ ರಜೆ, ಮೇಲೊಂದು ಅಭ್ಯಂಜನ! ಮನೆ ಮಗಳಿಗೂ ಅಷ್ಟು ಉಪಚಾರ ಸಿಕ್ಕರೆ ಯಾರು ಬೇಡ ಎಂದಾರು?

ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಅನ್ನುವುದು ನಮ್ಮ ಅಜ್ಜಿಯರು ಮಾತ್ರವಲ್ಲ. ರೋಮ್‌ನ ಲೇಖಕ ಪ್ಲಿನಿ ಎರಡು ಸಾವಿರ ವರ್ಷದ ಹಿಂದೆಯೇ ‘ದ್ರಾಕ್ಷಾರಸ ಹುಳಿಯಾಗುತ್ತದೆ’ ಎಂದು ಬರೆದಿಟ್ಟ! 1920ರಲ್ಲಿ ವಿಯೆನ್ನಾದ ಹೆಸರಾಂತ ವೈದ್ಯ ಬೆಲಾ ಷಿಕ್ ಅವರೂ ಮುಟ್ಟಾದವರ ಮೈಯಲ್ಲಿ ಹೂ ಬಾಡಿಸುವ ವಿಷವಿದೆ ಎಂದರು. ವಿಷವೂ ಇಲ್ಲ, ಮಣ್ಣೂ ಇಲ್ಲ. ಉಪ್ಪಿನಕಾಯಿ ಕೆಡುವುದು ಒದ್ದೆ ಚಮಚ ಹಾಕಿದರೆ!

1946ರಲ್ಲಿ ಡಿಸ್ನಿ ಕಂಪನಿ ಶಾಲೆ ಹುಡುಗಿಯರಿಗಾಗಿ ಮುಟ್ಟಿನ ಕಾರ್ಟೂನ್ ಚಿತ್ರ ಮಾಡಿತು. ಹೌದು, ಮಿಕ್ಕಿ ಮೌಸ್‌ನ ಡಿಸ್ನಿಯೇ! ಅದರಲ್ಲಿ ಮುಟ್ಟಿನ ರಕ್ತದ ಬಣ್ಣ? ಹಾಲಿನಂಥ ಬಿಳಿ!

1983ರಲ್ಲಿ ಅಮೆರಿಕದ ಗಗನಯಾತ್ರಿ ಸ್ಯಾಲಿ ರೈಡ್ ಒಂದು ವಾರಕ್ಕೆಂದು ಗಗನಕ್ಕೆ ಹೊರಟಿದ್ದರು. ನಾಸಾದ ಎಂಜಿನಿಯರುಗಳು ಕೇಳಿದರು, ‘ನೂರು ಟ್ಯಾಂಪೂನ್ ಸಾಕಾ?’ (ಟ್ಯಾಂಪೂನ್ ಎಂದರೆ ಪ್ಯಾಡಿನ ಬದಲು ಒಳಗಿಡುವ ಹತ್ತಿಯ ಸುರುಳಿ.) ರಾಕೆಟ್ ಹಾರಿಸಿದವರ ಲೆಕ್ಕ ಇದು! ಅಪ್ಪಂದಿರೇ, ನಗಬೇಡಿ. ನಿಮ್ಮ ಮಗಳಿಗೆ ತಿಂಗಳಿಗೆ ಎಷ್ಟು ಪ್ಯಾಡ್ ಬೇಕು, ಹೇಳಿ ನೋಡೋಣ? ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಐದು ದಿನ. ನೀವೇ ಕೂಡಿಸಿ!

2018ರ ಜುಲೈವರೆಗೆ ನಮ್ಮ ದೇಶದಲ್ಲಿ ಪ್ಯಾಡಿಗೆ ಶೇ. 12 ಜಿಎಸ್‌ಟಿ ಇತ್ತು. ಕುಂಕುಮ, ಗಾಜಿನ ಬಳೆಗೆ? ಸೊನ್ನೆ! ಈಗ ಪ್ಯಾಡಿನ ತೆರಿಗೆ ಹೋಗಿದೆ. ಆದರೆ ಮೆಡಿಕಲ್ ಶಾಪಿನವರು ಅದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿನಲ್ಲಿ ಕೊಡುವುದು ಮಾತ್ರ ಇನ್ನೂ ಹೋಗಿಲ್ಲ.

ಈಗೊಂದು ಆಟ. ಒಂದು ಪ್ಯಾಡ್ ಬಿಚ್ಚಿ, ಚಮಚದಲ್ಲಿ ನೀರು ಬಿಡಿ. ಗುಟುಕರಿಸಿದಂತೆ ಕುಡಿಯುತ್ತದೆ! ಮಗಳೇ ಒಮ್ಮೆ ಚಡ್ಡಿಗೆ ಅಂಟಿಸಿ ನೋಡಲಿ. ಅಂಟಿನ ಬದಿ ಬಟ್ಟೆಗೆ, ಮೈಗಲ್ಲ. ಮೊದಲ ದಿನ ಎಡವುವುದು ಇಲ್ಲೇ.

ಕಲೆಯಾದರೆ ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರು ತಾಗಿತೋ, ರಕ್ತದ ಕಲೆ ಬಟ್ಟೆಗೆ ಕಚ್ಚಿಕೊಂಡುಬಿಡುತ್ತದೆ!

ಹಾಂ, ಸ್ಕೂಲ್ ಬ್ಯಾಗು. ಜಾಮಿಟ್ರಿ ಬಾಕ್ಸಿನ ಪಕ್ಕ ಒಂದು ಪುಟ್ಟ ಪೌಚ್ ಇಡಿ. ಎರಡು ಪ್ಯಾಡ್, ಒಂದು ಚಡ್ಡಿ, ಸುತ್ತಿ ಹಾಕಲು ಹಳೇ ಪೇಪರ್. ಮಗಳಿಗೆ ಹತ್ತು ತುಂಬಿದ್ದರೆ ಇವತ್ತೇ ಇಡಿ.